ನೀರಿನ ರೇಸು

ನೀಲವ್ವನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಸ್ಕೂಟಿ ಬರುತ್ತದೆಂಬ ಕಾರಣಕ್ಕೆ ಕುಂಬಾರ ಓಣಿಯವರು ಆ ಭಾನುವಾರ ಅವಳನ್ನೇ ಪರದೆಯ ಮೇಲಿನ ಆನ್‌ಲೈನ್ ಕಾರು ರೇಸಿಗೆ ಕೂರಿಸಿದರು. ಗುರಿ ಮುಟ್ಟಿದ ಓಣಿಗಳಿಗೆ ಮಾತ್ರ ನಗರಸಭೆ ಆ ವಾರದ ನೀರು ಬಿಡುತ್ತಿತ್ತು. ನೀಲವ್ವನ ಮನೆಯಲ್ಲಿ ಬಾಣಂತಿ ಮಗಳಿದ್ದಳು.

ಪ್ರತಿವಾರ ಓಡಿಸುತ್ತಿದ್ದ ನಬೀಸಾಬ ಕೈ ಮುರಿದುಕೊಂಡು ಪಕ್ಕದಲ್ಲಿ ಕೂತಿದ್ದ.

"ಗೆಲ್ಲೂದು ಬ್ಯಾಡ ಅಕ್ಕಾರ, ಮುಟ್ಟಿದ್ರ ಸಾಕು. ಮುಂದಿನ ಕಾರಿನ ಬೆನ್ನಿಗೆ ಅಂಟ್ಕೊಂಡು ಹೋಗ್ರಿ, ಗಾಳಿ ಅದು ಸೀಳತೈತಿ. ಗುಂಪಿನ್ಯಾಗ ಬ್ರೇಕ್ ಮಾತ್ರ ಹಿಡೀಬ್ಯಾಡ್ರಿ."

"ಯಾರರ ಅಡ್ಡ ಬಂದ್ರ?"

"ಬದಿಗೆ ಗುದ್ದಿ ಹೋಗ್ರಿ. ಅವರೇನು ನಿಮ್ಮ ಬೀಗರಾ?"

ಸುತ್ತ ನಿಂತವರು ನಕ್ಕರು.

ಕೊನೆಯ ಸುತ್ತಿನವರೆಗೂ ನಬೀಸಾಬ ಹೇಳಿದಂತೆಯೇ ಅವಳು ಓಡಿಸಿದಳು. ಆಗ ಮುಂದಿದ್ದ ಗಾಣಿಗರ ಓಣಿಯ ಕಾರು ಗಿರಕಿ ಹೊಡೆದು ಅಡ್ಡ ನಿಂತಿತು. ಆ ಓಣಿಗೆ ಹೋದ ವಾರವೂ ನೀರು ಬಂದಿರಲಿಲ್ಲ. ನೀಲವ್ವ ಬ್ರೇಕ್ ಒತ್ತಿದಳು.

ಹಿಂದಿದ್ದ ಕಾರುಗಳೆಲ್ಲ ಅವಳ ಮೇಲೆ ಬಂದು ಬಿದ್ದು, ಅಲ್ಲೇ ಕೆಟ್ಟು ನಿಂತವು. ಗಾಣಿಗರ ಓಣಿಯ ಕಾರು ತಿರುಗಿ ನೇರಕ್ಕೆ ಬಂದು ಗುರಿ ಮುಟ್ಟಿತು.

"ಅವರಿಗೆ ಫೋನ್ ಮಾಡ್ರಿ ಸಾಹೇಬ್ರ. ನಾಕು ಕೊಡ ಕೊಟ್ಟಾರು," ಎಂದು ನೀಲವ್ವ ನಬೀಸಾಬನಿಗೆ ಹೇಳಿದಳು.

ನಬೀಸಾಬ ಪರದೆ ಓದುತ್ತಿದ್ದ. "ಅವರು ದೂರು ಕೊಟ್ಟಾರ. ನೀವು ಬೇಕಂತ ಬ್ರೇಕ್ ಹಿಡಿದ್ರಂತ. ದೂರು ಕೊಟ್ಟವರಿಗೆ ನಮ್ಮ ಮುಂದಿನ ವಾರದ ನೀರೂ ಹೋಗತೈತಿ."

"ಅವರನ್ನ ಉಳಿಸಾಕ ಹಿಡಿದೆ."

"ಅದನ್ನ ಬರಿಯಾಕ ಇಲ್ಲಿ ಜಾಗ ಇಲ್ಲ ಅಕ್ಕಾರ."

ಹಿಂದೆ ಬರುತ್ತಿದ್ದ ಆರು ಓಣಿಗಳು ಒಂದೊಂದು ವಾರದ ನೀರು ಕಳೆದುಕೊಂಡವು. ಕುಂಬಾರ ಓಣಿ ಎರಡು ವಾರದ್ದು.