ಹಾಳಾಗದ ಪಟ್ಟಿಗಳು

“ನಿಮ್ಮ ಪಟ್ಟಿ ಸುಳ್ಳು ಹೇಳ್ತದೆ,” ಎನ್ನುತ್ತ ಗಂಗೆ ಸಕ್ಕರೆ ನೋಡುವ ಮಷೀನು, ಪಟ್ಟಿಯ ಡಬ್ಬಿ, ನೋಟ್‌ಬುಕ್ಕು ಮೂರನ್ನೂ ಔಷಧಿ ಅಂಗಡಿಯ ಗಾಜಿನ ಮೇಲೆ ಇಟ್ಟಳು. ಹೊರಗೆ ಮೆಟ್ಟಿಲ ಮೇಲೆ ಹರಿವೆ, ಬಸಳೆಯ ಬುಟ್ಟಿ ಬಾಡುತ್ತಿತ್ತು. ಇವತ್ತು ಅವಳಿಗೆ ವ್ಯಾಪಾರದ ಮೇಲೆ ಮನಸ್ಸಿರಲಿಲ್ಲ.

ಕುಮಟೆಯಲ್ಲಿ ಆ ಪಟ್ಟಿ ಸಿಗುತ್ತಿದ್ದುದು ಕೃಷ್ಣಾನಂದನ ಈ ಅಂಗಡಿಯೊಂದರಲ್ಲೇ, ಅದೂ ತಿಂಗಳಿಗೊಮ್ಮೆ ಹುಬ್ಬಳ್ಳಿಯಿಂದ ಪಾರ್ಸೆಲ್ ಬಂದಾಗ. ಗಂಗೆಯ ಮಗಳು ಚಂದನಾಗೆ ಐದು ವರ್ಷ. ಹೋದ ವರ್ಷ ಸಕ್ಕರೆ ಕಾಯಿಲೆ ಗಂಟುಬಿದ್ದಿತ್ತು. ಇನ್ಸುಲಿನ್ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತಿತ್ತು, ರಕ್ತ ಹಾಕಿ ನೋಡುವ ಪಟ್ಟಿ ಸಿಗುತ್ತಿರಲಿಲ್ಲ. ದಿನಕ್ಕೆ ನಾಲ್ಕು ಸಲ ನೋಡಿ ಎಂದಿದ್ದರು ಡಾಕ್ಟರಮ್ಮ. ಗಂಗೆಯ ಕೈಗೆ ಎಟುಕಿದ್ದು ದಿನಕ್ಕೆ ಒಂದು. ಅದೊಂದು ಹಾಳಾದರೆ ಆ ದಿನ ಮಗುವಿನ ಮೈಯೊಳಗೆ ಏನಾಗುತ್ತಿದೆಯೋ ದೇವರೇ ಬಲ್ಲ.

ಮೊದಮೊದಲು ಹಾಳಾಗುತ್ತಲೇ ಇತ್ತು. ಸೂಜಿ ಕಂಡರೆ ಮಗು ಮಂಚದಡಿ ಸೇರುತ್ತಿತ್ತು. ಎಳೆದು ತಂದು ಚುಚ್ಚಿದರೆ ಕೈ ಕೊಸರುತ್ತಿತ್ತು. ಹನಿ ಸಾಲದೆ ಪಟ್ಟಿ ದಂಡ. ಗಂಗೆ ನಸುಕಿಗೇ ಹೊಳನಗದ್ದೆಯಿಂದ ತರಕಾರಿ ಹೊತ್ತು ಪೇಟೆಗೆ ಬರುವವಳು, ಹಾಗಾಗಿ ಮಧ್ಯಾಹ್ನದ ಆ ಒಂದು ಪರೀಕ್ಷೆ ಅತ್ತೆ ಗಣಪಿಯ ಪಾಲಿನದು. “ಇನ್ನೊಂದು ಪಟ್ಟಿ ಹಾಳು ಮಾಡಿದ್ರೆ ಮಗೂನ ನೀವೇ ಕೊಂದ ಹಾಗೆ,” ಎಂದು ಒಂದು ದಿನ ಗಂಗೆ ಅತ್ತೆಯ ಮೇಲೆ ಹರಿಹಾಯ್ದಿದ್ದಳು. ಅಂದದ್ದಕ್ಕೆ ಆಮೇಲೆ ನಾಚಿಕೆಯೂ ಆಗಿತ್ತು.

ಆದರೆ ಬೈಸಿಕೊಂಡ ಮೇಲೆ ಮುದುಕಿಯ ಕೈ ಪಳಗಿತು. ಎರಡು ತಿಂಗಳಲ್ಲಿ ಒಂದೇ ಒಂದು ಪಟ್ಟಿ ಹಾಳಾಗಲಿಲ್ಲ. ಅಕ್ಷರ ಬಾರದ ಗಣಪಿ, ಮಷೀನು ತೋರಿಸಿದ್ದನ್ನು ಗೋಡೆಗೆ ಹಸೆ ಚಿತ್ತಾರ ಬರೆದಂತೆ ನಿಧಾನವಾಗಿ ನೋಟ್‌ಬುಕ್ಕಿಗೆ ಇಳಿಸುತ್ತಿದ್ದಳು. ಮಗು ಈಗ ಅಜ್ಜಿಯ ತೊಡೆಯ ಮೇಲೆ ನಗುತ್ತ ಕೂರುತ್ತದೆ ಎಂದು ಪಕ್ಕದ ಮನೆಯ ಸೋಮಿ ಹೇಳಿದಾಗ ಗಂಗೆಗೆ ಜೀವ ತಣ್ಣಗಾಗಿತ್ತು. ಮುದುಕಿ ಮಾತ್ರ ಕೈ ಉರಿಯುತ್ತದೆಂದು ಮೀನಿಗೆ ಖಾರ ಸವರುವುದನ್ನು ಸೊಸೆಗೆ ಬಿಟ್ಟಿದ್ದಳು. ವಯಸ್ಸಾಯಿತು, ಬಿಡಲಿ ಎಂದುಕೊಂಡಳು ಗಂಗೆ.

ಅಂಕಿಗಳೂ ಚಂದ. ನೂರಾ ನಾಲ್ಕು, ತೊಂಬತ್ತೆಂಟು, ನೂರಾ ಹನ್ನೆರಡು. ನೋಟ್‌ಬುಕ್ ನೋಡಿ ಸಂತೋಷಪಟ್ಟ ಡಾಕ್ಟರಮ್ಮ ಇನ್ಸುಲಿನ್ ಕಡಿಮೆ ಮಾಡಿದ್ದರು. ಅದಾಗಿ ಮೂರು ವಾರ.

ಹಾಗಿದ್ದರೆ ಮಗು ಚೊಂಬುಗಟ್ಟಲೆ ನೀರು ಕುಡಿಯುವುದೇಕೆ? ಹಾಸಿಗೆ ಒದ್ದೆಯಾಗುವುದೇಕೆ? ಎದೆಗೂಡು ಎದ್ದು ಕಾಣುವುದೇಕೆ? ಪಟ್ಟಿ ಕಳಪೆ ಇರಬೇಕು. ಬೇರೇನೂ ಗಂಗೆಗೆ ಹೊಳೆಯಲಿಲ್ಲ.

ಕೃಷ್ಣಾನಂದ ಸಿಟ್ಟಾಗಲಿಲ್ಲ. ಡಬ್ಬಿಯ ಮೇಲಿನ ತಾರೀಖು ನೋಡಿದ. ಮಷೀನಿನ ಗುಂಡಿ ಒತ್ತಿ, ಅದರಲ್ಲಿದ್ದ ಹಿಂದಿನ ಅಂಕಿಗಳನ್ನು ನೋಟ್‌ಬುಕ್ಕಿನೊಡನೆ ತಾಳೆ ಹಾಕಿದ. ಒಂದೂ ತಪ್ಪಿರಲಿಲ್ಲ. ಕೊನೆಗೆ ತನ್ನ ಬೆರಳನ್ನೇ ಚುಚ್ಚಿಕೊಂಡ.

“ನಂಗೂ ಸಕ್ಕರೆ ಅದೆ. ಈಗಷ್ಟೇ ಲ್ಯಾಬಲ್ಲಿ ಇನ್ನೂರ ಹತ್ತು ಬಂದಿತ್ತು.”

ಮಷೀನು ಇನ್ನೂರ ಆರು ತೋರಿಸಿತು.

“ಪಟ್ಟಿ ಸರಿಯಾಗೇ ಅದೆ, ಗಂಗೆ.”

“ಹಾಗಾರೆ ನಾ ಎಂತ ಮಾಡೂದು?”

ಅದಕ್ಕೆ ಅವನ ಅಂಗಡಿಯಲ್ಲಿ ಔಷಧಿ ಇರಲಿಲ್ಲ. ಅಷ್ಟರಲ್ಲಿ ಗಂಗೆಯ ಫೋನು ಬಡಿದುಕೊಂಡಿತು. ಗಂಡ ಬೀರ.

“ಮಗು ವಾಂತಿ ಮಾಡ್ತದೆ, ಕಣ್ಣೇ ಬಿಡೂದಿಲ್ಲ. ರಿಕ್ಷಾದಲ್ಲಿ ಕರ್ಕಂಡು ಬರ್ತಿದ್ದೇವೆ. ನೀ ಆಸ್ಪತ್ರೆಗೆ ಬಾ.”

ಆಸ್ಪತ್ರೆಯಲ್ಲಿ ನರ್ಸ್ ಬೆರಳು ಚುಚ್ಚಿದಾಗ, ಅರೆಪ್ರಜ್ಞೆಯಲ್ಲಿದ್ದ ಮಗು ಕಿರುಚಿ ಕೈ ಎಳೆದುಕೊಂಡಿತು. ದಿನಾ ಚುಚ್ಚಿಸಿಕೊಳ್ಳುವ ಕೂಸು ಇವತ್ತೇಕೆ ಹೀಗೆ ಹೆದರಿತೋ.

ಡಾಕ್ಟರಮ್ಮ ಅಂಕಿ ನೋಡಿದರು. “ಐನೂರು ದಾಟಿದೆ. ಮಣಿಪಾಲಕ್ಕೆ ಒಯ್ಯಬೇಕು, ಈಗಲೇ. ನಿನ್ನೆ ನೂರಾ ನಾಲ್ಕು ಅಂತ ಬರೆದಿದೆಯಲ್ಲ, ನೋಡಿದ್ದು ಯಾರು?”

ಮಾಡಬೇಕಾದದ್ದನ್ನೆಲ್ಲ ಮಾಡಿಯೂ ಮಗು ಕೈತಪ್ಪಿ ಹೋಗುತ್ತಿತ್ತು, ಯಾರ ಕಾಲು ಹಿಡಿಯಬೇಕೆಂದೇ ಗಂಗೆಗೆ ತಿಳಿಯಲಿಲ್ಲ. ಗೋಡೆಯ ಪಕ್ಕದಲ್ಲಿ ನಿಂತಿದ್ದ ಗಣಪಿ ಮುಂದೆ ಬಂದಳು.

“ನಾನೇಯ. ಒಂದು ಪಟ್ಟಿನೂ ಹಾಳು ಮಾಡ್ಲಿಲ್ಲ,” ಎಂದಳು. “ಮಗು ಕೈ ಎಳ್ಕಂತದೆ ಅಂತ ನಂದೇ ಬೆರಳು ಚುಚ್ಕಂಡು ಹಾಕ್ತಿದ್ದೆ. ನನ್ನ ಮಗನ ಮಗಳಲ್ವ, ನಂದೂ ಅವಳ್ದೂ ಒಂದೇ ನೆತ್ತರು.”