ಒದ್ದೆ ಕಂಬಳಿ

ಒದ್ದೆ ಕಂಬಳಿಯ ವಾಸನೆ ಬಂದರೆ ಈಗಲೂ ನನ್ನ ಕಣ್ಣು ಮೊದಲು ಎದುರಿಗಿದ್ದವರ ಪಾದಕ್ಕೆ ಹೋಗುತ್ತದೆ.

ಎಪ್ಪತ್ತೊಂದರ ಯುದ್ಧ ನಡೆದಿತ್ತು. ನೌಕಾಪಡೆಯಲ್ಲಿದ್ದ ಅಪ್ಪ ಹೊಟ್ಟೆಯ ಆಪರೇಷನ್ ಆಗಿ, ಮುಂಬಯಿಯ ಕ್ವಾರ್ಟರ್ಸ್‌ನಿಂದ ನಮ್ಮನ್ನು ಕರೆದುಕೊಂಡು ಹಿಂದಿನ ದಿನವಷ್ಟೇ ನಿಡೋಣಿಗೆ, ಅಜ್ಜಿಯ ಮನೆಗೆ ಬಂದಿದ್ದರು. ಆ ದಿನ ಮಧ್ಯಾಹ್ನ ರೇಡಿಯೋ ಅವರ ಹಡಗು ಮುಳುಗಿದ ಸುದ್ದಿ ಹೇಳಿತು. ಸಾವಿನ ಸುದ್ದಿ ಕೇಳಿದರೆ ಉಟ್ಟ ಬಟ್ಟೆಯಲ್ಲೇ ತಲೆಗೆ ನೀರು ಹಾಕಿಕೊಳ್ಳುವುದು ನಮ್ಮಲ್ಲಿಯ ಪದ್ಧತಿ. ಅಪ್ಪ ಹಿತ್ತಲಿಗೆ ಹೋಗಿ ಕೊಡದ ಮೇಲೆ ಕೊಡ ಸುರಿದುಕೊಂಡರು.

"ಸಾಕೋ ಯಪ್ಪಾ, ಹೊಲಿಗಿ ಇನ್ನೂ ಹಸಿ ಐತಿ," ಎಂದು ಅಜ್ಜಿ ಕಂಬಳಿ ಹೊದಿಸಿ ಪಡಸಾಲೆಯಲ್ಲಿ ಕೂರಿಸಿದಳು.

ಹೊತ್ತಿಳಿಯುವಾಗ ಅದೇ ಸುದ್ದಿ ಕೇಳಿ ತಿಕೋಟಾದಿಂದ ಅಪ್ಪನ ಅಕ್ಕ ಬಂದಳು. ನಾವು ಊರಿಗೆ ಬಂದದ್ದು ಅವಳಿಗೆ ಗೊತ್ತಿರಲಿಲ್ಲ. ಓಣಿಯ ತುದಿಯಿಂದಲೇ ತಮ್ಮನ ಹೆಸರು ಹಿಡಿದು ಹಾಡಿ ಅಳುತ್ತಿದ್ದವಳ ದನಿ ಹೊಸ್ತಿಲಲ್ಲಿ ನಿಂತಿತು. ಕಂಬಳಿಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ದೆವ್ವದ ಹಾಗೆ ಪಾದ ಹಿಂದುಮುಂದಾಗಿವೆಯೇನೋ ಎಂದು ಅವಳು ಬಗ್ಗಿ ನೋಡಿದಳು.

"ಖರೇನ ನೀನ ಏನೋ?"

"ನಾನ ಅಕ್ಕಾ. ನಾ ಹಡಗಿನ್ಯಾಗ ಇರಲಿಲ್ಲ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳಲು ಹೋದಾಗ ಅಪ್ಪ ಅವಳ ಕೈ ಹಿಡಿದರು.

"ಅಳೂದು ನಿಲ್ಲಸಬ್ಯಾಡ. ನನ್ನ ಬದಲಿ ತಾಮಸ್ ಹೋಗ್ಯಾನ."

ಆ ಹೆಸರನ್ನು ಅತ್ತೆ ಎಂದೂ ಕೇಳಿದವಳಲ್ಲ. ನೆಲಕ್ಕೆ ಕೂತು ಅದೇ ರಾಗದಲ್ಲಿ, "ತಾಮಸಾ, ನನ ತಮ್ಮಾ," ಎಂದು ಶುರುಮಾಡಿದಳು.

ಅಪ್ಪ ಹಡಗಿನಲ್ಲಿದ್ದ ಮುಂದಿನವನ ಹೆಸರು ಹೇಳಿದರು.