ಕೊರಳ ಅಳತೆ

ಕಾಲರಿನ ಗುಂಡಿ ಕಾಜಾವನ್ನು ಮುಟ್ಟಲಿಲ್ಲ. ಮಗಳು ಎರಡೂ ತುದಿಗಳನ್ನು ಹಿಡಿದು ಮತ್ತೊಮ್ಮೆ ಎಳೆದಳು. ಅಪ್ಪ ತನ್ನ ಹೊಲಿಗೆ ಅಂಗಡಿಯ ಕನ್ನಡಿಯ ಮುಂದೆ ಗದ್ದ ಎತ್ತಿ ನಿಂತಿದ್ದ. ನಾಳೆ ಆಸ್ಪತ್ರೆಗೆ ಹಾಕಿಕೊಂಡು ಹೋಗಲೆಂದು, ಅವನ ಹಳೆಯ ಅಂಗಿಯನ್ನೇ ಅಳತೆಗಿಟ್ಟುಕೊಂಡು ಅವಳು ಹೊಲಿದ ಅಂಗಿ ಅದು. ಭುಜದಲ್ಲಿ, ಎದೆಯಲ್ಲಿ ಗೂಟಕ್ಕೆ ನೇತುಹಾಕಿದಂತೆ ಜೋತಾಡುತ್ತಿತ್ತು. ಕೊರಳಲ್ಲಿ ಮಾತ್ರ ಬಿಗಿ.

ಮೊದಲು ಹೋದದ್ದು ದನಿ. "ಏನ್ ಮಾಸ್ಟ್ರೇ, ಈ ವಯಸ್ಸಲ್ಲಿ ಗಂಟಲು ಒಡೀತಾ ಇದ್ಯಾ? ಮೀಸೆ ಯಾವಾಗ ಬರುತ್ತೆ?" ಎಂದು ಗಿರಾಕಿಗಳು ನಗುತ್ತಿದ್ದರು. ಅಪ್ಪನೂ ನಕ್ಕಿದ್ದ. ಆಮೇಲೆ ತುತ್ತು ಇಳಿಯದಾಯಿತು, ಕಿವಿಯೊಳಗೂ ನೋವು ಶುರುವಾಯಿತು. "ಗಡ್ಡೆ ಇನ್ನೂ ದನಿಪೆಟ್ಟಿಗೇಲೇ ಇದ್ರೆ ದಾರಿ ಇದೆ. ಕುತ್ತಿಗೇಲಿ ಗಂಟು ಕಂಡ್ರೆ ಹರಡಿದೆ ಅಂತ ತಿಳ್ಕೊಳಮ್ಮ," ಎಂದು ಡಾಕ್ಟರು ಅವಳೊಬ್ಬಳಿಗೇ ಹೇಳಿದ್ದರು.

ಈಗ ಕಾಲರಿನಡಿ ಅವಳ ಬೆರಳಿಗೆ ಕಲ್ಲಿನಂಥದ್ದೊಂದು ತಗಲಿತು. ಒತ್ತಿದರೂ ಅದು ಸರಿಯಲಿಲ್ಲ. "ಕತ್ತರಿ ಹಾಕೋವಾಗ ನಾನೇ ತಪ್ಪಿದೆ ಅಪ್ಪ. ಕಾಲರ್ ಬಿಚ್ಚಿ ಹೊಲೀತೀನಿ," ಎಂದಳು, ಕನ್ನಡಿಯತ್ತ ನೋಡದೆ.

ಅಪ್ಪ ಹೆಗಲ ಮೇಲಿದ್ದ ಟೇಪನ್ನು ತಾನೇ ಕೊರಳಿಗೆ ಸುತ್ತಿದ. ಅಂಕಿಯ ಮೇಲೆ ಉಗುರಿಟ್ಟು, ಬಿಚ್ಚಿ ನೋಡಿದ. ಆಮೇಲೆ, ಉಳಿದಿದ್ದ ಪಿಸುದನಿಯಲ್ಲಿ ಹೇಳಿದ:

"ಒಳಗೆ ಒಂದಿಷ್ಟು ಬಟ್ಟೆ ಬಿಟ್ಟು ಹೊಲಿ ಮಗಳೇ. ಬೆಳೆಯೋ ಮಕ್ಕಳಿಗೆ ಬಿಡ್ತೀವಲ್ಲ, ಹಾಗೆ."